ಹಾಳೆ ಗಾಜಿಗೆ ಹತ್ತುವ ತನಕ ನಗುವಂತಿಲ್ಲ

ಬೆಳಕು ಇನ್ನೂ ಕಿಟಕಿಯ ಅರ್ಧಕ್ಕೆ ಬಂದಿದೆ. ಆಸ್ಪತ್ರೆಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ತೆಳ್ಳಕ್ಕ ಮೊದಲು ಮಾಡುವ ಕೆಲಸವೆಂದರೆ ಯಾರೂ ಫ್ಯಾನು ಹಾಕದಿರಲೆಂದು ಸ್ವಿಚ್ಚಿಗೆ ತಾವೇ ಅಂಟಿಸಿದ ಪಟ್ಟಿ ಭದ್ರವಾಗಿದೆಯೇ ಎಂದು ಒತ್ತಿ ನೋಡುವುದು. ಆಮೇಲೆ, ರೋಗಿಯ ಮೈಯಿಂದ ತೆಗೆದ ಚೂರನ್ನು ಹುದುಗಿಸಿ ಐಸ್ ಮೇಲಿಟ್ಟ ಮೇಣದ ಬಿಲ್ಲೆಯನ್ನು ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸುತ್ತಾರೆ. ಬಿಲ್ಲೆ ಅಲಗಿನ ಮೇಲೆ ಇಳಿದು ಏಳುತ್ತದೆ, ಪ್ರತಿ ಸುತ್ತಿಗೂ ಒಂದು ಹಾಳೆ ಜಾರುತ್ತದೆ. ಒಂದು ಕೂದಲಿನ ದಪ್ಪದಲ್ಲಿ ಇಂಥ ಹದಿನೈದು ಹಾಳೆ ಹಿಡಿಸುತ್ತವೆ. ಅದನ್ನು ಕುಂಚದ ತುದಿಯಿಂದ ಎತ್ತಿ, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಪಟ್ಟಿಗೆ ಹತ್ತಿಸುವವರೆಗೂ ಅವರು ಉಸಿರು ಬಿಗಿಹಿಡಿದಿರುತ್ತಾರೆ.

"ಜೋರಾಗಿ ಉಸಿರು ಬಿಟ್ರೂ ಹಾರಿ ಹೋಗತ್ತೆ. ನಕ್ಕರಂತೂ ಕಥೆ ಮುಗೀತು" ಎನ್ನುತ್ತಾರೆ.

ಹಾಗಾಗಿ ಇಲ್ಲಿ ಒಂದು ಕಟ್ಟುಪಾಡು ಇದೆ: ಹಾಳೆ ಗಾಜಿಗೆ ಹತ್ತುವ ತನಕ ಯಾರೂ ನಗುವಂತಿಲ್ಲ. ಪಕ್ಕದ ಮೇಜಿನಲ್ಲಿ ಗಾಜಿನ ಪಟ್ಟಿಗಳಿಗೆ ಬಣ್ಣ ಹಾಕುವ ಬಣ್ಣದಣ್ಣನಿಗೆ ಇದೇ ದೊಡ್ಡ ಶಿಕ್ಷೆ. ಅವರ ಹೊಟ್ಟೆಯಲ್ಲಿ ಜೋಕು ನಿಲ್ಲುವುದಿಲ್ಲ. ಅರ್ಧ ಹೇಳಿ, ಬಾಯಿ ಮುಚ್ಚಿಕೊಂಡು, ಹಾಳೆ ಹತ್ತಿದ ಮೇಲೆ ಉಳಿದರ್ಧ ಹೇಳುತ್ತಾರೆ.

ತೆಳ್ಳಕ್ಕ ಎಂಬ ಹೆಸರು ಮೈಕಟ್ಟು ನೋಡಿ ಬಂದದ್ದಲ್ಲ. ಕುರ್ಚಿ ತುಂಬ ಕೂರುವ ಈಕೆ ಕತ್ತರಿಸುವುದು ತೆಳ್ಳಗೆ, ಅಷ್ಟೇ. ಗಂಡ ತೀರಿಕೊಂಡಾಗ ಮಗಳು ಇನ್ನೂ ಕಂಕುಳ ಕೂಸು. ಸೀಸೆ ತೊಳೆಯುವ ಕೆಲಸಕ್ಕೆ ಸೇರಿದ ಇವರು ಬಿಡುವಿನಲ್ಲಿ ಸೂಜಿಗೆ ದಾರ ಪೋಣಿಸುವುದನ್ನು ಆಗಿನ ಹಿರಿಯ ಕೆಲಸಗಾರರೊಬ್ಬರು ಕಂಡು, ಉಸಿರು ಹಿಡಿಯುವ ಚಂದಕ್ಕೇ ಯಂತ್ರದ ಮುಂದೆ ಕೂರಿಸಿದರು. ಚಕ್ರ ತಿರುಗಿಸಿ ತಿರುಗಿಸಿ ಈಗ ಬಲಭುಜ ಆಗಾಗ ಹಟ ಮಾಡುತ್ತದೆ. ದಿನಕ್ಕೆ ನೂರಕ್ಕೂ ಹೆಚ್ಚು ಗಾಜು ಇವರ ಕೈ ದಾಟುತ್ತವೆ. ಯಾವ ರೋಗಿಯೂ ಇವರ ಮುಖ ನೋಡಿಲ್ಲ.

ಒಬ್ಬರನ್ನು ಬಿಟ್ಟು. ಅವರು ತೆಳ್ಳಕ್ಕನ ಬೀಗಿತ್ತಿ, ಅಳಿಯನ ತಾಯಿ. ಮಾತಿನ ಮಲ್ಲಿ. "ಆಸ್ಪತ್ರೇಲಿ ಅಷ್ಟು ತೆಳ್ಳಗೆ ಹೆಚ್ತೀರಂತೆ, ಮನೇಲಿ ಸೌತೆಕಾಯಿ ಮಾತ್ರ ಇಟ್ಟಿಗೆ ಥರ ಯಾಕೆ?" ಎಂದು ಮದುವೆಯ ಮಾರನೆಯ ದಿನವೇ ಕೇಳಿದವರು. ಆ ನಾಲಿಗೆಗೇ ಕ್ಯಾನ್ಸರ್ ಬಂತು. ವಿಕಿರಣ ಚಿಕಿತ್ಸೆಯಲ್ಲಿ ಗಡ್ಡೆ ಕರಗಿತು, ಬಾಯಿ ಹುಣ್ಣಾಗಿ ಮಾತೂ ನಿಂತಿತು. ತಿಂಗಳುಗಳು ಕಳೆದರೂ ನಾಲಿಗೆಯ ಬದಿಯಲ್ಲಿ ಒಂದು ಗಟ್ಟಿ ಜಾಗ ಉಳಿದುಕೊಂಡಿತು.

ಸೂಕ್ಷ್ಮದರ್ಶಕದಲ್ಲಿ ಹಾಳೆಗಳನ್ನು ನೋಡುವ ವೈದ್ಯೆ ವಿಷಯ ಬಿಡಿಸಿ ಹೇಳುತ್ತಾರೆ: "ಕಿರಣ ಬಿದ್ದಾಗ ಗಡ್ಡೆ ಒಂದೇ ಬದಲಾಗಲ್ಲ, ಅದರ ನೆರೆಹೊರೆಯೂ ಬದಲಾಗತ್ತೆ. ರಕ್ತನಾಳ ಸೊರಗತ್ತೆ, ಗಾಯದ ಕಲೆಯ ಹಾಗೆ ನಾರು ಬೆಳೆಯತ್ತೆ. ಕೆಲವು ಕಡೆ ಮೈಯ ಕಾವಲು ಕಣಗಳು ನುಗ್ಗಿ ಬಂದು ಅಳಿದುಳಿದ ಕ್ಯಾನ್ಸರ್ ಕಣಗಳನ್ನ ಮುಗಿಸ್ತವೆ. ಇನ್ನು ಕೆಲವು ಕಡೆ ಬದುಕುಳಿದ ಕಣ ಅದೇ ನಾರನ್ನೇ ದಾರಿ ಮಾಡ್ಕೊಂಡು ಆಚೆ ಹೊರಟುಬಿಡತ್ತೆ. ಅದಕ್ಕೇ ನಮಗೆ ನಡುಭಾಗಕ್ಕಿಂತ ಅಂಚು ಮುಖ್ಯ."

ಆ ಗಟ್ಟಿ ಜಾಗ ಬರೀ ಕಲೆಯೋ, ಹೊರಟು ನಿಂತ ಕ್ಯಾನ್ಸರೋ? ತಿಳಿಯಲು ಅವರ ಡಾಕ್ಟರು ಅಕ್ಕಿಕಾಳಿನಷ್ಟು ಚೂರು ತೆಗೆದು, ಅಂಚು ಯಾವುದೆಂದು ಗುರುತು ಸಿಗಲು ಅದಕ್ಕೆ ನೀಲಿ ಬಣ್ಣ ಹಚ್ಚಿ ಕಳಿಸಿದ್ದರು. ಕಿರಣ ಬಿದ್ದ ಜಾಗದ ಗಾಯ ಬೇಗ ಮಾಯುವುದಿಲ್ಲ, ಮತ್ತೆ ಚೂರು ತೆಗೆಯುವುದು ಸುಲಭದ ಮಾತಲ್ಲ.

ಆ ಚೂರನ್ನು ಮೇಣದಲ್ಲಿ ನಿಲ್ಲಿಸಿದ್ದು ತೆಳ್ಳಕ್ಕನೇ. ಮಾರನೆಯ ಬೆಳಿಗ್ಗೆ ಬಿಲ್ಲೆ ಯಂತ್ರಕ್ಕೇರಿಸಿ ಬಗ್ಗಿ ನೋಡಿದರು. ಅಂಚಿನಲ್ಲಿ ಗೆರೆಯಂತೆ ಕಾಣಬೇಕಿದ್ದ ನೀಲಿ, ಬಿಲ್ಲೆಯ ಮುಖದ ತುಂಬ ಹರಡಿಕೊಂಡಿತ್ತು. ಮೇಣ ಆರುವಷ್ಟರಲ್ಲಿ ಚೂರು ಮಗ್ಗುಲಾಗಿಬಿಟ್ಟಿತ್ತು. ಬಿಲ್ಲೆ ಸಮ ಮಾಡಲು ಮೊದಲ ಕೆಲವು ಸುತ್ತಿನ ಹಾಳೆಗಳನ್ನು ಎಸೆಯಲೇಬೇಕು. ಹಾಗೇ ತಿರುಗಿಸಿದ್ದರೆ ಬೇಕಾದ ಅಂಚೇ ಕಸದ ಬುಟ್ಟಿಗೆ ಹೋಗುತ್ತಿತ್ತು.

"ಬಣ್ಣದಣ್ಣನ ಕೈಗೆ ಕೊಡೋಣ ಅಂತ ತಿರುಗಿ ನೋಡ್ದೆ. ಅವರು ಅವತ್ತು ಬೆಳಿಗ್ಗೆಯಿಂದ ಸೀನ್ತಾ ಇದ್ರು" ಎಂದು ತೆಳ್ಳಕ್ಕ ಈಗ ನಗುತ್ತಾರೆ. "ಸರಿ, ಮಲಗಿಸಿದವಳು ನಾನೇ, ಎಬ್ಬಿಸೋಳೂ ನಾನೇ ಅಂದ್ಕೊಂಡೆ."

ಮೇಣ ಕರಗಿಸಿದರು. ಚೂರನ್ನು ಚಿಮಟದಲ್ಲಿ ಹಿಡಿದು ನಿಲ್ಲಿಸಿ, ತಳದ ಮೇಣ ಗಟ್ಟಿಯಾಗುವವರೆಗೂ ಕೈ ಬಿಡಲಿಲ್ಲ. ಸೀನು ತಡೆಯಲಾಗದ ಬಣ್ಣದಣ್ಣ ತಾವಾಗಿಯೇ ಅಂಗಳಕ್ಕೆ ಹೋಗಿ ನಿಂತರು. ನೀಲಿ ಗೆರೆ ಸಮೇತ ಮೊದಲ ಹಾಳೆ ನೀರಿಗಿಳಿದಾಗ ತೆಳ್ಳಕ್ಕನಿಗೆ ಕಣ್ಣು ಮಂಜಾಯಿತಂತೆ. "ಅಳೋ ಹಾಗೂ ಇಲ್ಲ ನೋಡಿ, ಹನಿ ಬಿದ್ರೂ ಹಾಳೆ ಹಾಳು" ಎನ್ನುತ್ತಾರೆ.

ಗಾಜು ನೋಡಿದ ವೈದ್ಯೆ ಹೇಳಿದ್ದು ಎರಡೇ ಮಾತು: ಬರೀ ಕಲೆ, ಅಂಚಿನಲ್ಲಿ ಕ್ಯಾನ್ಸರ್ ಕಣವಿಲ್ಲ. ಫಲಿತಾಂಶವನ್ನು ರೋಗಿಗೆ ಅವರ ಡಾಕ್ಟರೇ ಹೇಳಬೇಕೆಂಬುದು ನಿಯಮ. ಅಲ್ಲಿಯವರೆಗೆ ತೆಳ್ಳಕ್ಕ ಮಗಳ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಬೀಗಿತ್ತಿಯ ತಪಾಸಣೆ ಇನ್ನೂ ಇದೆ, ಆದರೆ ಈಗ ಮನೆಯಲ್ಲಿ ಉಸಿರಾಡಬಹುದು.

ನಿಮಗೇನು ಆಸೆ ಎಂದರೆ ತೆಳ್ಳಕ್ಕ ಭುಜ ನೀವಿಕೊಳ್ಳುತ್ತಾರೆ. "ಏನಿಲ್ಲಪ್ಪ. ಬೀಗಿತ್ತಿ ಮೊದಲಿನ ಹಾಗೆ ಬೈಯೋದು ಕೇಳ್ಬೇಕು. ಅವರು ಸುಮ್ನಿದ್ರೆ ಮನೆ ಭಣಭಣ ಅನ್ಸತ್ತೆ."

ಮಾತು ಮುಗಿಸಿ ಮತ್ತೊಂದು ಬಿಲ್ಲೆ ಏರಿಸುತ್ತಾರೆ. ಹಾಳೆ ಇನ್ನೇನು ನೀರಿಗಿಳಿಯಿತು ಎನ್ನುವಾಗ ಅವರ ಫೋನು ಹೊಡೆದುಕೊಳ್ಳುತ್ತದೆ. ಹೆಸರು ನೋಡಿದ ಬಣ್ಣದಣ್ಣ ಸ್ಪೀಕರ್ ಒತ್ತುತ್ತಾರೆ. ದನಿ ಕೊಂಚ ತೊದಲುತ್ತದೆ, ಖಾರ ಮಾತ್ರ ಕಮ್ಮಿಯಾಗಿಲ್ಲ.

"ಬೀಗರೇ, ಇವತ್ತು ಸೌತೆಕಾಯಿ ಅಗಿದು ತಿಂದೆ. ನಿಮ್ಮ ಮಗಳು ಹೆಚ್ಚಿದ್ದು, ಒಂದೊಂದು ಹೋಳೂ ಇಟ್ಟಿಗೆ. ಯಾರ ಹತ್ರ ಕಲಿತಳೋ."

ತೆಳ್ಳಕ್ಕ ತುಟಿ ಕಚ್ಚಿಕೊಂಡು, ತಡೀರಿ ಎಂಬಂತೆ ಎಡಗೈ ಎತ್ತುತ್ತಾರೆ. ಬಲಗೈಯ ಗಾಜು ನೀರಿನಡಿ ಸರಿದು ಹಾಳೆಯನ್ನು ಮೇಲೆತ್ತುತ್ತದೆ. ಗಾಜನ್ನು ಜೋಪಾನವಾಗಿ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಾರೆ. ಆಮೇಲೆ, ಕುರ್ಚಿ ಅಲುಗಾಡುವಂತೆ ನಗುತ್ತಾರೆ.