ಮರಳಿಲ್ಲದ ಮೈದಾನದ ಮುನಿರಾಜು

ಕೆಂಗೇರಿಯಾಚೆ ತಾತನ ಕಾಲದಿಂದ ರಾಗಿ ಬೆಳೆಯುತ್ತಿದ್ದ ಹೊಲವನ್ನು ಗಾಲ್ಫ್ ಮೈದಾನ ಮಾಡಿದವರು ನಮ್ಮ ಮುನಿರಾಜು. ಇದಕ್ಕೆಲ್ಲ ಕಾರಣ ಒಂದು ಬೋರ್ಡು. ಪಕ್ಕದ ಜಮೀನು ಕೊಂಡ ಲೇಔಟಿನವರು ರಸ್ತೆ ಬದಿಗೆ ಅದನ್ನು ನಿಲ್ಲಿಸಿದ್ದರು. ಅದರ ಚಿತ್ರದಲ್ಲಿ ಬಿಳಿ ಟೋಪಿಯವನೊಬ್ಬ ಹಸಿರು ಹುಲ್ಲಿನ ಮೇಲೆ ಗಾಲ್ಫ್ ಕೋಲು ಬೀಸುತ್ತಿದ್ದ. ಸೈಟುಗಳು ಮಾರಿಹೋದವು, ಚರಂಡಿಯೂ ಬಂತು, ಗಾಲ್ಫ್ ಮಾತ್ರ ಬರಲಿಲ್ಲ. ಬೋರ್ಡಿನಲ್ಲಿರುವುದು ನಡೆದೇ ತೀರಬೇಕು ಎಂದು ನಂಬಿದ್ದವರು ಊರಿಗೆಲ್ಲ ಮುನಿರಾಜು ಒಬ್ಬರೇ. ಯಾರೂ ತರದಿದ್ದರೆ ತಾವೇ ತರುವುದೆಂದು ತೀರ್ಮಾನಿಸಿ, ಹಳೇ ಸಾಮಾನಿನ ಬಜಾರಿನಿಂದ ಒಂದು ಚೀಲ ಕೋಲು ಹೊತ್ತು ತಂದರು. ಅಂದಿನಿಂದ ಬಿಳಿ ಟೋಪಿಯಿಲ್ಲದೆ ಡೈರಿಗೆ ಹಾಲು ಹಾಕಲೂ ಹೋದವರಲ್ಲ.

ಟಿವಿಯ ಗಾಲ್ಫ್ ಮೈದಾನಗಳಲ್ಲಿ ಅಲ್ಲಲ್ಲಿ ಮರಳಿನ ಗುಂಡಿಗಳಿರುತ್ತವೆ, ಚೆಂಡು ಅದರೊಳಗೆ ಬಿದ್ದರೆ ಆಡುವವನ ಗ್ರಹಚಾರ. ಮುನಿರಾಜು ಕೂಡ ಒಂದು ಲಾರಿ ಮರಳು ಹೊಡೆಸಿದರು. ಅದು ೨೦೦೬, ಸುತ್ತ ಎಲ್ಲಿ ನೋಡಿದರೂ ಮನೆ ಏಳುತ್ತಿದ್ದ ಕಾಲ. ವಾರದೊಳಗೆ ಗುಂಡಿಗಳು ಬರಿದಾದವು. ಬಾಂಡ್ಲಿಯಲ್ಲಿ ಮರಳು ಹೊತ್ತುಕೊಂಡು ಹೋಗುವವರು ದಾರಿಯಲ್ಲಿ ಇವರನ್ನೇ ನಿಲ್ಲಿಸಿ ಕ್ಷೇಮ ವಿಚಾರಿಸುತ್ತಿದ್ದರು. ಒಬ್ಬರು ಗೃಹಪ್ರವೇಶಕ್ಕೂ ಕರೆದರು. ಮುನಿರಾಜು ಹೋಗಿ, ಊಟ ಮಾಡಿ, ಗೋಡೆಯನ್ನೊಮ್ಮೆ ಸವರಿ ನೋಡಿ ಬಂದರು. ಮಾರನೆಯ ದಿನ ತಮ್ಮ ಮೈದಾನದಲ್ಲಿ ಮರಳು ಇರತಕ್ಕದ್ದಲ್ಲ ಎಂದು ಘೋಷಿಸಿದರು. ಚೆಂಡು ನುಂಗುವ ಜವಾಬ್ದಾರಿಯನ್ನು ಎರಡು ತಿಪ್ಪೆಗಳು ವಹಿಸಿಕೊಂಡವು. ಚೆಂಡು ಹೋಗಿ ಬೀಳಬೇಕಾದ ಕುಳಿಯ ಸುತ್ತ ಇರಬೇಕಾದ ನುಣುಪು ಹುಲ್ಲಿನ ಬದಲಿಗೆ ರಾಗಿ ಬಡಿಯುವ ಕಣದಂತೆ ಸಗಣಿ ಸಾರಿಸಿದ ನೆಲ ಬಂತು. ಒಣಗಿದರೆ ಸಿಮೆಂಟಿಗಿಂತ ಗಟ್ಟಿ. ಸಾರಿಸುವ ಕೆಲಸ ಹೆಂಡತಿ ಹನುಮಕ್ಕನದು.

ಆ ಹನುಮಕ್ಕನ ತಾಳ್ಮೆ ಮುಂಗಾರು ಬೀಳುತ್ತಲೇ ಮುಗಿಯಿತು. ಅಷ್ಟರಲ್ಲಿ ಮುನಿರಾಜು ಇನ್ನೊಂದು ಜಗಳ ತಂದಿದ್ದರು. ವಿಜಯನಗರದ ದರ್ಶಿನಿಯೊಂದರಲ್ಲಿ ಕಾಫಿ ಕುಡಿಯುವಾಗ ಪರಿಚಯವಾದ ಆರ್‌ಪಿಸಿ ಲೇಔಟಿನ ಬಸವಲಿಂಗಪ್ಪ, ನಿವೃತ್ತ ಆಫೀಸರು, ದೊಡ್ಡ ಕ್ಲಬ್ಬಿನಲ್ಲಿ ಆಡಿದವರು, ಮರಳಿಲ್ಲದ್ದು ಗಾಲ್ಫೇ ಅಲ್ಲ, ಕುರಿ ಮೇಯಿಸುವ ಜಾಗ ಎಂದುಬಿಟ್ಟಿದ್ದರು. ಮುನಿರಾಜು ಮುಂದಿನ ಭಾನುವಾರಕ್ಕೆ ಪಂದ್ಯ ಕರೆದರು. ಹನುಮಕ್ಕ ತಮ್ಮದೊಂದು ಷರತ್ತು ಸೇರಿಸಿದರು.

"ಗೆದ್ರೆ ಹೊಲ ನಿಮ್ ಗಾಲ್ಫಿಗೆ. ಸೋತ್ರೂ ಸರಿ, ಸಮ ಆದ್ರೂ ಸರಿ, ಸೋಮವಾರ ಟ್ರ್ಯಾಕ್ಟರ್ ಬರುತ್ತೆ. ಅವರೆ ಬಿತ್ತುತೀನಿ."

ಭಾನುವಾರ ಬಸವಲಿಂಗಪ್ಪ ಬಿಳಿ ಪ್ಯಾಂಟು, ಬಿಳಿ ಷೂಗಳಲ್ಲಿ ಇಳಿದರು. ಮರಳಿನಿಂದ ಚೆಂಡು ಎತ್ತುವುದಕ್ಕೆಂದೇ ಮಾಡಿದ ಕೋಲನ್ನೂ ತಂದಿದ್ದರು. ಅದಕ್ಕಿಲ್ಲಿ ಕೆಲಸವಿಲ್ಲದ್ದರಿಂದ ಅದರ ಬಗ್ಗೆ ಭಾಷಣ ಕೊಟ್ಟರು: ಕ್ಲಬ್ಬಿನಲ್ಲಿ ಮರಳು ಕೆದಕಿದವನು ಎಂಥ ದೊಡ್ಡ ಮನುಷ್ಯನಾದರೂ ತನ್ನ ಕೈಯಾರೆ ಮಟ್ಟ ಮಾಡಿಯೇ ಹೋಗಬೇಕು, ಅದೇ ಸಂಸ್ಕೃತಿ. ಕಾಫಿ ತಂದ ಹನುಮಕ್ಕ ಇದನ್ನು ಬಹಳ ಗಮನವಿಟ್ಟು ಕೇಳಿದರು.

ಮೊದಲೆರಡು ಕುಳಿಗಳಲ್ಲಿ ಬಸವಲಿಂಗಪ್ಪನವರು ಆಕಾಶಕ್ಕೆ ಎತ್ತಿ ಹೊಡೆದ ಚೆಂಡು ಗಟ್ಟಿ ಕಣಕ್ಕೆ ಬಡಿದು, ಪುಟಿದು, ನೇರ ತಿಪ್ಪೆ ಸೇರಿತು. ಮುನಿರಾಜು ಗೋಲಿ ಆಡುವಂತೆ ನೆಲದ ಮೇಲೇ ಉರುಳಿಸಿ, ಕಡಿಮೆ ಏಟಿನಲ್ಲಿ ಕುಳಿ ಸೇರಿಸಿ ಗೆದ್ದರು. ಆಮೇಲೆ ಬಸವಲಿಂಗಪ್ಪನವರೂ ಉರುಳಿಸುವುದನ್ನು ಕಲಿತು ಎರಡು ಕುಳಿ ವಾಪಸ್ಸು ಪಡೆದರು. ಐದನೆಯದು ಸಮ. ಉಳಿದದ್ದು ಒಂದೇ, ಮನೆ ಮುಂದಿನ ದೊಡ್ಡ ಕಣ.

ಅದನ್ನು ಕಂಡೊಡನೆ ಮುನಿರಾಜುವಿನ ಮುಖ ಇಳಿಯಿತು. ನೆಂಟರು ಬರುತ್ತಾರೆ, ಕಣ ಲಕ್ಷಣವಾಗಿರಲಿ ಎಂದು ಹಿಂದಿನ ದಿನ ಅಪ್ಪಣೆ ಕೊಟ್ಟಿದ್ದವರು ಅವರೇ. ಹನುಮಕ್ಕ ಆಗಷ್ಟೇ ಹಸಿ ಸಗಣಿ ದಪ್ಪಗೆ ಬಳಿದು ಮುಗಿಸಿದ್ದರು.

ಬಸವಲಿಂಗಪ್ಪ ಹಳೆಯ ಅಭ್ಯಾಸದಂತೆ ಎತ್ತಿ ಹೊಡೆದರು. ಈ ಸಲ ಚೆಂಡು ಪುಟಿಯಲಿಲ್ಲ. ಪಚಕ್ಕನೆ ಕುಳಿಯಿಂದ ಒಂದು ಮೊಳ ದೂರಕ್ಕೆ ಅಂಟಿ ಕೂತಿತು. ಮುನಿರಾಜು ಉರುಳಿಸಿದ್ದು ಸಗಣಿಯ ಅಂಚಿಗೇ ಸಿಕ್ಕಿಕೊಂಡಿತು. ಕುಳಿ ಇನ್ನೂ ನಾಲ್ಕು ಮಾರು ಆಚೆ. ನೋಡಲು ನಿಂತಿದ್ದ ನಮಗೆಲ್ಲ ಟ್ರ್ಯಾಕ್ಟರಿನ ಸದ್ದು ಆಗಲೇ ಕೇಳಿಸಿತು.

ಚೆಂಡು ಎತ್ತಿ ಒರೆಸಿಕೊಳ್ಳುತ್ತೇನೆ ಎಂದು ಬಸವಲಿಂಗಪ್ಪ ಬಗ್ಗಿದರು. ಮುನಿರಾಜು ಬೇಲಿಗೆ ಕಟ್ಟಿದ್ದ ತಗಡು ತೋರಿಸಿದರು. ಕಣದ ಮೇಲೆ ಚೆಂಡನ್ನು ಕೈಯಲ್ಲಿ ಮುಟ್ಟಬಾರದು, ಮತ್ತು ಯಾವಾಗಲೂ ಅತಿಥಿಗಳದ್ದೇ ಮೊದಲ ಪಾಳಿ. ಎರಡೂ ಅವರೇ ಪೇಂಟಿನಲ್ಲಿ ಬರೆದ ಕಾನೂನು.

ಬಸವಲಿಂಗಪ್ಪ ತಮ್ಮ ಬಿಳಿ ಪ್ಯಾಂಟು ನೋಡಿಕೊಂಡರು. ಸಗಣಿ ನೋಡಿದರು. ಆಮೇಲೆ ಕೂಸಿನ ಕೆನ್ನೆ ತಟ್ಟಿದಷ್ಟು ಮೆಲ್ಲಗೆ ಚೆಂಡನ್ನು ತಟ್ಟಿದರು. ಅದು ಗೇಣುದ್ದ ಸರಿದು ಅಲ್ಲೇ ನಿಂತಿತು.

ಮುನಿರಾಜು ಷೂ ಬಿಚ್ಚಿದರು, ಪ್ಯಾಂಟು ಮೊಣಕಾಲಿಗೆ ಮಡಚಿದರು. ಬಿಳಿ ಟೋಪಿ ತೆಗೆದು ಬೇಲಿಗೂಟಕ್ಕೆ ಹಾಕಿದರು. ನಾವು ಅವರ ನೆತ್ತಿ ಕಂಡದ್ದು ಅಂದೇ ಮೊದಲು. ಗೊಬ್ಬರ ಎತ್ತುವ ಗುದ್ದಲಿಯನ್ನು ಬೀಸುವವರಂತೆ ಕೋಲನ್ನು ಬೀಸಿದರು. ಎದ್ದ ಸಗಣಿಯಲ್ಲಿ ಪಾಲು ಸಿಗದವರು ಯಾರೂ ಇರಲಿಲ್ಲ. ಚೆಂಡು ಕಣದ ನಡುವೆ ನೇಗಿಲ ಸಾಲಿನಂಥ ಗೆರೆ ಕೊರೆಯುತ್ತ ಹೋಗಿ, ಕುಳಿಯ ಬಾಯಲ್ಲಿ ಒಂದು ಗಳಿಗೆ ಯೋಚಿಸಿ, ಒಳಗೆ ಬಿತ್ತು.

ಮುನಿರಾಜು ಎರಡೂ ಕೈ ಮೇಲೆತ್ತಿ ಬೋರ್ಡಿನ ಬಿಳಿ ಟೋಪಿಯವನ ಕಡೆಗೇ ತಿರುಗಿ ನಿಂತರು. ಅವನು ಎಂದೂ ಹೊಡೆದು ಮುಗಿಸದ ಏಟನ್ನು ಇವರು ಮುಗಿಸಿದ್ದರು. ಬಸವಲಿಂಗಪ್ಪ ಕನ್ನಡಕದ ಗಾಜು ಒರೆಸಿಕೊಂಡು ಬಂದು ಕೈ ಕುಲುಕಿದರು. "ಮರಳಿಗಿಂತ ಇದೇ ಕಷ್ಟ ಕಣ್ರೀ," ಎಂದರು. ಅವರು ಸುಮ್ಮನೆ ಹೊಗಳುವವರಲ್ಲ.

ಹನುಮಕ್ಕ ಮಾತಿಗೆ ತಪ್ಪಲಿಲ್ಲ. ಟ್ರ್ಯಾಕ್ಟರಿನವನಿಗೆ ಬರಬೇಡ ಎಂದು ಅಲ್ಲೇ ಫೋನು ಮಾಡಿದರು. ಆಮೇಲೆ ಕೊರೆದುಹೋದ ತಮ್ಮ ಕಣವನ್ನು ಈ ತುದಿಯಿಂದ ಆ ತುದಿಗೆ ನೋಡಿ, ಸಗಣಿ ಬಕೆಟ್ಟು ಮತ್ತು ಎರಡು ಪೊರಕೆ ತಂದು ನಡುವೆ ಇಟ್ಟರು.

"ಕೆದಕಿದವರೇ ಮಟ್ಟ ಮಾಡ್ಬೇಕು ಅಂತ ನೀವೇ ಅಲ್ವಾ ಸಾರ್ ಹೇಳಿದ್ದು? ಬಿಸಿಲು ಹೋಗೋದ್ರೊಳಗೆ ಮುಗಿಸಿ, ಊಟಕ್ಕೆ ಮುದ್ದೆ ಮಾಡಿದೀನಿ."

ಗೆದ್ದವರು ಒಂದು ಮೂಲೆಯಿಂದ, ಸೋತವರು ಇನ್ನೊಂದು ಮೂಲೆಯಿಂದ ಸಾರಿಸಲು ಶುರು ಮಾಡಿದರು. ಮಧ್ಯದ ಕುಳಿಯ ಹತ್ತಿರ ಬರುವ ಹೊತ್ತಿಗೆ ಮುಂದಿನ ಭಾನುವಾರದ ಪಂದ್ಯ ನಿಗದಿಯಾಗಿತ್ತು. ಬಸವಲಿಂಗಪ್ಪನವರು ಸಾರಿಸಿದ ಅರ್ಧವೇ ಹೆಚ್ಚು ನುಣುಪಾಗಿತ್ತು ಎಂದು ಹನುಮಕ್ಕ ತೀರ್ಪು ಕೊಟ್ಟರು. ಮುನಿರಾಜು ಅದನ್ನು ಇವತ್ತಿಗೂ ಒಪ್ಪುವುದಿಲ್ಲ.