ಹೊಸ ರೆಕಾರ್ಡು, ಹಳೆ ಗೀರು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿಬಿಟ್ಟರೆ ನಾನು ನಗುತ್ತಿದ್ದೆ. ಕೊಪ್ಪದಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು ನಾನು. ಕಣ್ಣಿಗೆ ಕಾಣದೆ ಮನುಷ್ಯನನ್ನು ಒದೆಯುವ ಶಕ್ತಿ ಕರೆಂಟು ಒಂದೇ ಎಂಬುದು ನನ್ನ ವಾದ. ಆ ವಾದವನ್ನು ಈಗಲೂ ಬಿಟ್ಟಿಲ್ಲ. ಆದರೂ ಒಂದು ಸಂಗತಿ ಹೇಳುತ್ತೇನೆ. ನಂಬಿ ಎಂದು ನಿಮಗೇನೂ ಕೈಮುಗಿಯುವುದಿಲ್ಲ.

ನನ್ನ ಅಣ್ಣ ಮನೆಯ ಮುಂದಿನ ಕೋಣೆಯಲ್ಲೇ ಮೈಕ್ ಸೆಟ್ ಅಂಗಡಿ ಇಟ್ಟಿದ್ದ. ಶೃಂಗೇರಿಯಿಂದ ಎನ್.ಆರ್. ಪುರದವರೆಗೆ ಮದುವೆ, ಉಪನಯನ, ನಾಟಕ ಎಲ್ಲಕ್ಕೂ ಅವನದೇ ಮೈಕು. ಮೈಕಿನವರು ಮೊದಲು ದೇವರ ಹಾಡು ಹಾಕುವುದು ಪದ್ಧತಿ. ಅಣ್ಣನೂ ಹಾಕುತ್ತಿದ್ದ. ಆದರೆ ಅದಕ್ಕೂ ಮುಂಚೆ ಸ್ಪೀಕರ್ ಪರೀಕ್ಷೆಗೆಂದು ಒಂದು ಹಳೆಯ ಇಂಗ್ಲಿಷ್ ರಾಕ್ ರೆಕಾರ್ಡು. "ದಪ್ಪ ಸದ್ದು, ಸಣ್ಣ ಸದ್ದು ಎರಡೂ ಇದ್ರಲ್ಲೇ ಸಿಗೋದು ಮಾರಾಯ" ಎನ್ನುತ್ತಿದ್ದ. ಪುರೋಹಿತರು ಕಿವಿ ಮುಚ್ಚಿಕೊಂಡರೂ ಕೇಳುವ ಆಸಾಮಿಯಲ್ಲ. ಕ್ಯಾಸೆಟ್ ಹೋಗಿ ಸೀಡಿ ಬಂದ ಮೇಲೂ ರೆಕಾರ್ಡು ನುಡಿಸುವ ಮರದ ಪೆಟ್ಟಿಗೆಯ ಪ್ಲೇಯರನ್ನು ಅವನು ಬಿಡಲಿಲ್ಲ.

ಆ ರೆಕಾರ್ಡಿಗೆ ಒಂದು ಊನವಿತ್ತು. ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲಿ, ಭಂಡಿಗಡಿಯ ಮದುವೆ ಮುಗಿಸಿ ಬಂದ ರೆಕಾರ್ಡಿನ ಮೇಲೆ ಧೂಳು ಕಂಡು, ಪಾತ್ರೆಗಳ ಜೊತೆ ಅದನ್ನೂ ಇಟ್ಟುಕೊಂಡು ತೆಂಗಿನ ನಾರು, ಬೂದಿ ಹಾಕಿ ತಿಕ್ಕತೊಡಗಿದ್ದರು! ಅಣ್ಣ ಬೊಬ್ಬೆ ಹೊಡೆಯುತ್ತ ಓಡಿ ಬರುವಷ್ಟರಲ್ಲಿ ಗೀರು ಬಿದ್ದಾಗಿತ್ತು. ಅಂದಿನಿಂದ ಎರಡನೆಯ ಹಾಡಿನಲ್ಲಿ, ಗಿಟಾರು ಮೇಲೇರುವ ಜಾಗದಲ್ಲಿ ಸೂಜಿ ಸಿಕ್ಕಿಕೊಂಡು ಅದನ್ನೇ ಮತ್ತೆ ಮತ್ತೆ ನುಡಿಸುತ್ತಿತ್ತು. ಅಣ್ಣ ಪೆಟ್ಟಿಗೆಯ ಮೂಲೆಗೆ ಉಂಗುರದ ಬೆರಳಿನಿಂದ ಟಕ್ಕೆಂದು ತಟ್ಟಿದರೆ ಮುಂದಕ್ಕೆ ಹೋಗುತ್ತಿತ್ತು. ತಟ್ಟುವಾಗೆಲ್ಲ ಅತ್ತಿಗೆಯ ಕಡೆ ನೋಡಿ ನಗುತ್ತಿದ್ದ.

ಕೊನೆಗೊಮ್ಮೆ ಅದು ಜೀಪಿನಿಂದ ಬಿದ್ದು ಒಡೆಯಿತು. ಅದೇ ಆಲ್ಬಮ್ ಹೊಸದಾಗಿ ಅಚ್ಚಾಗಿ, ರೆಕಾರ್ಡಿನ ರೂಪದಲ್ಲೇ ಮತ್ತೆ ಬಂದಿದೆ ಎಂದು ಬೆಂಗಳೂರಿನ ಗೆಳೆಯನೊಬ್ಬ ಫೋನ್ ಮಾಡಿದಾಗ ಅಣ್ಣ ಕುಣಿದಾಡಿಬಿಟ್ಟ. ಕಳಿಸು ಎಂದ. ಪಾರ್ಸೆಲ್ ಬಸ್ಸಿನಲ್ಲಿ ಬಂದಿಳಿಯುವ ಹೊತ್ತಿಗೆ ಅವನೇ ಇರಲಿಲ್ಲ. ಎದೆನೋವು ಎಂದು ಕೂತವನು ಮತ್ತೆ ಏಳಲಿಲ್ಲ. ಅತ್ತಿಗೆ ಆ ಪಾರ್ಸೆಲ್ಲನ್ನು ಬಿಚ್ಚದೆ ಕಪಾಟಿನಲ್ಲಿಟ್ಟರು.

ವರ್ಷಾಂತಿಕ ಮುಗಿದದ್ದೇ ತಡ, ದೊಡ್ಡಪ್ಪ ಅಂಗಡಿ ಮಾರುವ ಮಾತೆತ್ತಿದರು. ನಾನೇ ನಡೆಸುತ್ತೇನೆ ಎಂದರು ಅತ್ತಿಗೆ. "ಹೆಂಗಸು ಮೈಕ್ ಕಟ್ಟೋದು ಎಂತ ಚಂದ? ಊರವ್ರು ನಗ್ತಾರೆ" ಎಂದು ದೊಡ್ಡಪ್ಪ ಅಲ್ಲಿಗೇ ಮುಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ವಾದ ಮಾಡಿದೆ, ಜಗಳವನ್ನೂ ಆಡಿದೆ. ಅವರು ಕಿವಿಗೇ ಹಾಕಿಕೊಳ್ಳದೆ ಎನ್.ಆರ್. ಪುರದಿಂದ ಒಬ್ಬ ಗಿರಾಕಿಯನ್ನು ಕರೆಸಿಯೇ ಬಿಟ್ಟರು.

ಅವನು ಬಂದದ್ದು ಮಧ್ಯಾಹ್ನ, ಚುರುಗುಟ್ಟುವ ಬಿಸಿಲಿನಲ್ಲಿ. ಸಾಮಾನೆಲ್ಲ ನೋಡಿ, ಒಂದು ಹಾಡು ಹಾಕಿ ಎಂದ. ಅತ್ತಿಗೆ ಒಳಗೆ ಹೋಗಿ ಆ ಪಾರ್ಸೆಲ್ ತಂದು, ನಮ್ಮೆದುರೇ ಬಿಚ್ಚಿ ರೆಕಾರ್ಡು ಕೊಟ್ಟು, ಕಾಫಿ ತರಲು ಹೋದರು. ಕನ್ನಡಿಯ ಹಾಗೆ ಹೊಳೆಯುವ ರೆಕಾರ್ಡು. ನಾನೇ ಸೂಜಿ ಇಟ್ಟೆ. ಮೊದಲನೆಯ ಹಾಡು ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ, ಗಿಟಾರು ಮೇಲೇರುವ ಅದೇ ಜಾಗದಲ್ಲಿ ಸೂಜಿ ಸಿಕ್ಕಿಕೊಂಡಿತು. ಅದೇ ಸ್ವರ, ಮತ್ತೆ ಮತ್ತೆ. ದೊಡ್ಡಪ್ಪ ಕುರ್ಚಿಯಲ್ಲಿ ಸೆಟೆದು ಕೂತರು. ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಅತ್ತಿಗೆ ಬಾಗಿಲಲ್ಲೇ ನಿಂತರು. ನಾನು ಕೈ ಚಾಚಿದೆ. ಪೆಟ್ಟಿಗೆಗೆ ಕೈ ತಾಗುವ ಮೊದಲೇ ಅದರ ಮೂಲೆಯಲ್ಲಿ ಟಕ್ಕೆಂದು ಸದ್ದಾಯಿತು. ಹಾಡು ಮುಂದಕ್ಕೆ ಹೋಯಿತು.

"ಯಾರು ಮಾರಾಯ್ರೆ ತಟ್ಟಿದ್ದು?" ಎಂದ ಗಿರಾಕಿ. ಅಣ್ಣನ ವಿಷಯ ಅವನಿಗೇನೂ ಗೊತ್ತಿರಲಿಲ್ಲ. ನಮ್ಮ ಮುಖಗಳನ್ನು ನೋಡಿದವನು ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಆಮೇಲೆ ನಾನು ಆ ರೆಕಾರ್ಡನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಗೀರಿಲ್ಲ. ಎಷ್ಟೋ ಸಲ ಹಾಕಿದ್ದೇನೆ, ಇನ್ನೊಮ್ಮೆ ಸಿಕ್ಕಿಕೊಂಡಿಲ್ಲ. ಧೂಳು ಕೂತಿರಬೇಕು ಎನ್ನುವವರಿದ್ದಾರೆ. ಕೂತಿರಲಿ, ಆ ಜಾಗದಲ್ಲೇ ಏಕೆ? ರಸ್ತೆಯಲ್ಲಿ ಬಸ್ಸು ಹೋಗಿ ಅದುರಿರಬೇಕು ಎನ್ನುತ್ತಾರೆ. ಬಸ್ಸು ಹೋದರೆ ಗಾಜು ಗಡಗಡ ಎನ್ನುತ್ತದೆ, ಮರದ ಮೇಲೆ ಉಂಗುರ ತಟ್ಟಿದ ಸದ್ದು ಬರುವುದಿಲ್ಲ. ಅತ್ತಿಗೆಯೇ ಆಟ ಕಟ್ಟಿದಳು ಎಂದೂ ಕೆಲವರು ಆಡಿಕೊಂಡರು. ಅವರ ಎರಡು ಕೈಯಲ್ಲೂ ಕಾಫಿ ತಟ್ಟೆ ಇತ್ತು. ನನ್ನೆದುರು ಬಂದು ಹಾಗೆ ಹೇಳಲಿ, ಮುಖದ ನೀರಿಳಿಸಿ ಕಳಿಸುತ್ತೇನೆ. ಹಾಗಾದರೆ ಏನದು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯೂ ಇಲ್ಲ.

ದೊಡ್ಡಪ್ಪ ಮಾತ್ರ ಅಂದೇ ತಿರುಗಿಬಿಟ್ಟರು. ಸತ್ತವನೇ ಬೇಡ ಎಂದ ಮೇಲೆ ಮಾರುವುದು ಹೇಗೆ ಎಂದರು. ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸೋಣ ಎಂದರು. ಅತ್ತಿಗೆ ಅದಕ್ಕೂ ಒಪ್ಪಲಿಲ್ಲ. ಮರುದಿನವೇ ಅಂಗಡಿ ಬಾಗಿಲು ತೆಗೆದು ಕೂತರು, ಶೃಂಗೇರಿಯಾಚೆಯ ಕೆರೆಕಟ್ಟೆಯವರೆಗೂ ಹೋಗಿ ಮೈಕು ಕಟ್ಟಿಸಿದರು. ಸತ್ತ ಮೇಲೂ ಹೆಂಡತಿಗೆ ಅಂಗಡಿ ಉಳಿಸಿಕೊಟ್ಟ ಎಂದು ಊರೆಲ್ಲ ಅಣ್ಣನನ್ನು ಹೊಗಳಿತು.

ಇದನ್ನು ಬರೆಯುತ್ತೇನೆ ಎಂದಾಗ ಅತ್ತಿಗೆ ಕೇಬಲ್ ಸುತ್ತುತ್ತಿದ್ದರು. ಅದು ಅಣ್ಣನೇ ಅಂತೀರಾ ಎಂದು ಕೇಳಿದೆ. ಅವರು ತಲೆಯೆತ್ತದೆ ಹೇಳಿದರು:

"ಇರಬಹುದು, ಇಲ್ದೆ ಇರಬಹುದು. ಅಂಗಡಿ ಬೀಗದ ಕೈ ಆಗ ನನ್ನ ಸೊಂಟದಲ್ಲಿತ್ತು. ಯಾರು ತಟ್ಟಲಿ, ಬಿಡಲಿ, ನಾನಂತೂ ಅದನ್ನ ಕೊಡ್ತಿರ್ಲಿಲ್ಲ. ಅದನ್ನೂ ಬರಿ."