ನಾನು ಅಳಿಸಿದ ಒಡಪು

ಶಾಂತಕ್ಕನ ತಾಯಿಯ ಒಡಪನ್ನು ಅಳಿಸಿಹಾಕಿದವಳು ನಾನು. ಅಳಿಸಿದ್ದು ಕೈತಪ್ಪಿನಿಂದ — ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅಳಿಸಿದ ಜಾಗದಲ್ಲಿ ನನ್ನದೇ ಒಂದನ್ನು ಕಟ್ಟಿ ಕೂರಿಸಿ, ಅದರ ಕೆಳಗೆ ಆ ತಾಯಿಯ ಹೆಸರು ಬರೆದೆ. ಒಂದಲ್ಲ, ಅಂಥವು ನೂರಕ್ಕೂ ಹೆಚ್ಚು. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಹೋದ ತಿಂಗಳು ಬಿಟ್ಟೆ. ಅವತ್ತಿನಿಂದ ಊಟ ರುಚಿ ಹತ್ತುತ್ತಿದೆ — ನೀವು ನಗಬಹುದು, ಆದರೆ ನನ್ನ ಮಟ್ಟಿಗೆ ಅದೇ ನಿಜ.

ಒಡಪು ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಹಳೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲೋ, ಕುಬಸ ಎಂದು ನಾವು ಕರೆಯುವ ಸೀಮಂತದಲ್ಲೋ ಉಳಿದವರು ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳಿ ಒಳಗ ಬಾ" ಎಂದು ಕಾಡಿದಾಗ, ಪ್ರಾಸವಿಟ್ಟು ಎರಡು ಸಾಲು ಹೇಳಿ, ಎರಡನೆಯ ಸಾಲಿನಲ್ಲಿ ಹೆಸರನ್ನು ಮೆಲ್ಲಗೆ ಜಾರಿಸುತ್ತಾರೆ. ಕೆಲವರು ಜನ್ಮದಲ್ಲಿ ಗಂಡನ ಹೆಸರು ಎತ್ತುವುದು ಅಲ್ಲಿ ಮಾತ್ರ.

ಶಾಂತಕ್ಕ ಮಸೂತಿ ಎಂಬ ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದವರು. ಮೀಟಿಂಗಿಗೆ ಬಂದ ಹೆಂಗಸರು, ಬಸ್ಸಿನಲ್ಲಿ ಪಕ್ಕ ಕೂತವರು, ಲಸಿಕೆ ಹಾಕಿಸಲು ಕೂಸು ತಂದವರು — ಯಾರನ್ನೂ ಬಿಡದೆ ಒಡಪು ಕೇಳಿ, ಮುಗಿದ ರಜಿಸ್ಟರಿನ ಹಾಳೆ ಹರಿದು ಹಿಂಬದಿಗೆ ಬರೆದಿಡುತ್ತಿದ್ದರು. ನಾನಾಗ ಬಸವನ ಬಾಗೇವಾಡಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಒಂದು ಭಾನುವಾರ ಆ ಹಾಳೆಗಳನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡು ಬಂದು, ಟೈಪ್ ಮಾಡಿಕೊಡುತ್ತೀಯಾ ಎಂದು ಕೇಳಿದರು. ಬರೀ ಟೈಪ್ ಯಾಕೆ, ವೆಬ್‌ಸೈಟನ್ನೇ ಮಾಡೋಣ ಎಂದವಳು ನಾನು. ಅಲ್ಲಿಯವರೆಗೆ ಒಂದು ವೆಬ್‌ಸೈಟನ್ನೂ ಮಾಡಿದವಳಲ್ಲ. ಆದರೆ ಊರಿಗೆಲ್ಲ ಕಂಪ್ಯೂಟರ್ ಮೇಡಮ್ ಎನಿಸಿಕೊಂಡ ಮೇಲೆ ಗೊತ್ತಿಲ್ಲ ಎನ್ನುವುದಕ್ಕೆ ನಾಲಿಗೆ ಹೊರಳುವುದಿಲ್ಲ.

ವೆಬ್‌ಸೈಟಿಗೊಂದು ಹೆಸರು ಕೊಂಡೆ, ಷೇರ್ಡ್ ಹೋಸ್ಟಿಂಗ್ ಎಂಬ ಜಾಗ ಕೊಂಡೆ. ಷೇರ್ಡ್ ಎಂದರೆ ಪಾಲಿನದು. ಪಾಲು ಎಂದೊಡನೆ ನನಗೆ ನೆನಪಾದದ್ದು ಇಂಗಳೇಶ್ವರದಲ್ಲಿ ನಮ್ಮಪ್ಪ ಮತ್ತು ಕಾಕಾ ಹಂಚಿಕೊಂಡಿದ್ದ ಪಾಲಿನ ಬಾವಿ. ಒಂದೇ ಬಾವಿ, ಇವರಿಗೆರಡು ದಿನ, ಅವರಿಗೆರಡು ದಿನ, ನಡುವೆ ಬೇಕಾದಷ್ಟು ಜಗಳ. ಇದೂ ಹಾಗೆಯೇ ಎಂದುಕೊಂಡೆ — ಯಾರೋ ಕಾಣದ ಪಾಲುದಾರರು ನಮ್ಮ ಜೊತೆಗಿದ್ದಾರೆ, ಎಚ್ಚರದಿಂದಿರಬೇಕು. ಅರ್ಧ ಸರಿ ಇತ್ತು. ದೂರದ ಒಂದೇ ಯಂತ್ರದಲ್ಲಿ ನೂರಾರು ಜನರ ವೆಬ್‌ಸೈಟುಗಳಿರುತ್ತವೆ, ನಿಜ. ಆದರೆ ನಮ್ಮ ಪಾಸ್‌ವರ್ಡ್ ಹಾಕಿ ಒಳಗೆ ಹೋದ ಮೇಲೆ ಕಾಣುವುದೆಲ್ಲ ನಮ್ಮದೇ. ಈ ಉಳಿದರ್ಧ ನನಗೆ ಗೊತ್ತಿರಲಿಲ್ಲ.

ಭಾನುವಾರ ಭಾನುವಾರ ಕೂತು ನಾಲ್ಕು ತಿಂಗಳು ತುಂಬಿದೆವು. ಅವರು ಓದಿ ಹೇಳುವುದು, ನಾನು ನೇರ ವೆಬ್‌ಸೈಟಿಗೇ ಟೈಪಿಸುವುದು. ಕೊನೆಗೆ ಉಳಿದದ್ದು ಅವರ ತಾಯಿ ಗುರುಬಸವ್ವನ ಒಡಪು. ಅದು ಹಾಳೆಯಲ್ಲಿರಲಿಲ್ಲ, ಶಾಂತಕ್ಕನ ಬಾಯಲ್ಲೇ ಇತ್ತು. ಹೇಳಿದರು, ಟೈಪಿಸಿದೆ. ಪರದೆಯ ಮೇಲೆ ತಾಯಿಯ ಹೆಸರು ಕಂಡಾಗ ಸೆರಗಿಗೆ ಕೈ ಒರೆಸಿಕೊಂಡು, ಗಾಜನ್ನು ಮುಟ್ಟಿ ನೋಡಿದರು.

"ನಮ್ಮವ್ವ ಅಪ್ಪನ ಹೆಸರು ಅಂದದ್ದು ಇದೊಂದರಾಗ ಅಷ್ಟ, ಸುವರ್ಣಾ. ಸಾಯೂತನಾ ಮತ್ತೊಮ್ಮಿ ಅನ್ನಲಿಲ್ಲ."

ಹಾಳೆಗಳನ್ನು ಮತ್ತೆ ಚೀಲಕ್ಕೆ ತುಂಬುತ್ತಿದ್ದವರನ್ನು ತಡೆದು ನಾನಂದೆ: "ಇನ್ನ ಈ ಕಾಗದ ಯಾಕ್ರಿ ಅಕ್ಕಾರ? ಇಂಟರ್ನೆಟ್‌ನ್ಯಾಗ ಹಾಕಿದ್ದು ಎಂದೂ ಹೋಗೂದಿಲ್ರಿ." ನಂಬಿದರು. ಗೆದ್ದಲಿಗಿಂತ ಬೆಂಕಿ ವಾಸಿ ಎಂದು ನೀರೊಲೆಗೆ ಹಾಕಿದರು.

ಎಂಟು ತಿಂಗಳ ನಂತರ ಒಂದು ಮೇಲ್ ಬಂತು, ನಿಮ್ಮ ಜಾಗ ತುಂಬುತ್ತ ಬಂದಿದೆ ಎಂದು. ಎರಡು ಸಾಲಿನ ಪದ್ಯಗಳಿಗೆ ಎಷ್ಟು ಜಾಗ ಬೇಕು? ಯಾರೋ ಪಾಲುದಾರ ಒತ್ತಿಕೊಂಡು ಬಂದಿದ್ದಾನೆ — ತಟ್ಟನೆ ಹೊಳೆದದ್ದೇ ಅದು. ಒಳಗೆ ಹೋಗಿ ನೋಡಿದೆ. ಎರಡು ಡೇಟಾಬೇಸ್, ಅಂದರೆ ಮಾಹಿತಿಯ ಎರಡು ಉಗ್ರಾಣ, ಕಂಡವು. ಒಂದಕ್ಕೆ ನಾನೇ ಇಟ್ಟ ಹೆಸರಿತ್ತು. ಇನ್ನೊಂದಕ್ಕೆ ತಲೆಬುಡವಿಲ್ಲದ ಹೆಸರು. ತೆರೆದರೆ ಕನ್ನಡದ ಒಂದಕ್ಷರವಿಲ್ಲ. ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ಚುಕ್ಕೆಗಳು, ಎಂದೂ ಕಾಣದ ಚಿಹ್ನೆಗಳು, ಸಾಲು ಸಾಲಾಗಿ. ಇದು ನಮ್ಮದಲ್ಲ ಎಂದು ತೀರ್ಮಾನಿಸಿದೆ. ನಮ್ಮ ಹೊಲಗಳ ಕಡೆ ಒಬ್ಬ ಬದು ಒತ್ತಿ ನೇಗಿಲು ಹೊಡೆದರೆ ನ್ಯಾಯ ಪಂಚಾಯ್ತಿ ಆಮೇಲೆ, ಮೊದಲು ಬದು ಸರಿ ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. "ಹೌದ್ರಿ" ಎಂದು ಬಾಯಿಬಿಟ್ಟೇ ಹೇಳಿ ಒತ್ತಿದೆ.

ವೆಬ್‌ಸೈಟು ಬಿಳಿಚಿಕೊಂಡಿತು. ನಾನು ಹೆಸರಿಟ್ಟದ್ದು ಮೊದಲ ಸಲ ಕೆಟ್ಟುಹೋದ ಪ್ರಯತ್ನದ ಖಾಲಿ ಉಗ್ರಾಣ. ವೆಬ್‌ಸೈಟು ತಾನೇ ಮಾಡಿಕೊಂಡ ಇನ್ನೊಂದರಲ್ಲೇ ನಮ್ಮದೆಲ್ಲ ಇತ್ತು. ಕನ್ನಡ ಅದರೊಳಗೆ ಹಾಗೆ ವೇಷ ಮರೆಸಿಕೊಂಡು ಕೂತಿರುತ್ತದೆಂದು ನನಗೇನು — ಇಲ್ಲ, ಗೊತ್ತಿರಬೇಕಿತ್ತು. ಕಂಪನಿಯವರಿಗೆ ಬರೆದೆ. ಈ ಯೋಜನೆಯಲ್ಲಿ ಪ್ರತಿ ಇಟ್ಟುಕೊಳ್ಳುವುದು ನಿಮ್ಮದೇ ಹೊಣೆ, ಒಪ್ಪಂದದಲ್ಲಿದೆ ನೋಡಿ ಎಂದು ಉತ್ತರ ಬಂತು. ಇತ್ತು. ನಾನು ಓದಿರಲಿಲ್ಲ.

ಮುಂದಿನ ಭಾನುವಾರ ಶಾಂತಕ್ಕ ಬಂದು, ತೆಗಿ ನೋಡೂನು ಎಂದರು. "ಸರ್ವರ್ ರಿಪೇರಿ ನಡದೈತ್ರಿ ಅಕ್ಕಾರ, ಒಂದ್ ತಿಂಗಳು ತಡೀರಿ" ಎಂದೆ. ಅವತ್ತೇ ಕಾಲು ಹಿಡಿದಿದ್ದರೆ ಮುಗಿದುಹೋಗುತ್ತಿತ್ತು. ಅರ್ಧದಷ್ಟಾದರೂ ಮತ್ತೆ ಸಿಗುತ್ತಿದ್ದವು, ತಾಯಿಯದಂತೂ ಅವರ ನಾಲಿಗೆಯ ಮೇಲೇ ಇತ್ತು. ಆದರೆ ಮೇಡಮ್ ಎನ್ನುವ ಕೋಡು ಇತ್ತಲ್ಲ ತಲೆಯ ಮೇಲೆ.

ನೆನಪಿದ್ದವು ಎಂಬತ್ತರಷ್ಟು. ಉಳಿದವನ್ನು ನಾನೇ ಕಟ್ಟಿದೆ. ಮೊದಲೆರಡು ದಿನ ಒಂದೊಂದು ಸಾಲನ್ನೂ ಬರೆದು ಬರೆದು ಅಳಿಸಿದೆ. ಆಮೇಲೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಖುಷಿಯಾಗತೊಡಗಿತು. ಪ್ರಾಸ ತಾನಾಗಿ ಬರುತ್ತಿತ್ತು. ಕಟ್ಟಿದ್ದಕ್ಕೆ ಒಂದು ಊರು, ಒಬ್ಬ ಮುದುಕಿ. ಲಚ್ಯಾಣದ ನೀಲವ್ವ, ಇಂಡಿ ಪಟ್ಟಣದ ಸೋಮವ್ವ. ಗುರುಬಸವ್ವನ ಒಡಪಿಗೆ ಬಂದಾಗ ಎಷ್ಟು ತಡಕಿದರೂ ಏನೂ ನೆನಪಾಗಲಿಲ್ಲ. ನಾಲ್ಕು ದಿನ ನೋಡಿ ಹೀಗೆ ಬರೆದೆ:

ಎಳ್ಳು ಹಚ್ಚಿದ ಕಡಕ ರೊಟ್ಟಿ ಬುಟ್ಟಿ ತುಂಬ ಇಟ್ಟೇನಿ,
ಶಿವಲಿಂಗಪ್ಪನವರ ಹೆಸರ ನಾನು ಉಡಿಯೊಳಗ ಕಟ್ಟೇನಿ.

ಶಾಂತಕ್ಕ ಪರದೆಯೆದುರು ಅದನ್ನು ಎರಡು ಸಲ ಓದಿದರು. "ರೊಟ್ಟಿ ಇತ್ತೇನು? ನಾ ಬ್ಯಾರೇನೋ... ಅವ್ವ ಹಿಂಗ ಅಂತಿದ್ದಿಲ್ಲ ಅನಸ್ತೈತಿ."

"ನೀವ ಹೇಳಿದ್ರಿ ಅಕ್ಕಾರ. ನಾ ಬರೇ ಟೈಪ್ ಮಾಡೇನಿ."

ನನ್ನ ತಪ್ಪು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಈ ಮಾತನ್ನು ತೋರಿಸುತ್ತೇನೆ. ಅಳಿಸಿದ್ದನ್ನಲ್ಲ, ಕಟ್ಟಿದ್ದನ್ನೂ ಅಲ್ಲ. ಅವರು ಸುಮ್ಮನೆ ತಲೆಯಾಡಿಸಿದರು. "ಅದರಾಗ ಐತೆಂದ್ರ ಹಂಗ ಇರಬೇಕ ಬಿಡು, ನಾನ ಮರತೇನಿ" ಎಂದರು.

ಕಳ್ಳಮಾಲು ಮಾತ್ರ ಚೆನ್ನಾಗಿ ಓಡಾಡಿತು. ಮುದ್ದೇಬಿಹಾಳದ ಒಂದು ಕುಬಸದಲ್ಲಿ ಬಸುರಿ ಹುಡುಗಿ ಫೋನು ನೋಡಿಕೊಂಡು ನನ್ನದೇ ಒಡಪು ಹೇಳಿದಳು. ಪಕ್ಕದಲ್ಲಿದ್ದ ಹೆಂಗಸು, "ಹಳೇ ಮಂದಿ ತೆಲಿನ ತೆಲಿ ನೋಡ್ರಿ, ಈಗಿನವ್ರಿಗೆ ಬರ್ತಾವೇನು ಇಂಥವು?" ಎಂದು ನನ್ನ ಕಡೆ ತಿರುಗಿದಳು. ಇಲ್ಲ ಬಿಡ್ರಿ ಎಂದು ಶಾವಿಗೆ ಪಾಯಸ ಕುಡಿದೆ. ಸಿಂದಗಿಯ ಒಬ್ಬ ಮೇಷ್ಟ್ರು ಲಚ್ಯಾಣದ ನೀಲವ್ವನ ವಿಳಾಸ ಕೇಳಿ ಬರೆದರು, ಹೋಗಿ ಕಾಣಬೇಕಂತೆ. ತೀರಿಕೊಂಡರು ಎಂದು ಉತ್ತರಿಸಿದೆ. ಹುಟ್ಟದೇ ಇದ್ದ ಮುದುಕಿಯನ್ನು ಸಾಯಿಸಿದೆ, ಮೇಷ್ಟ್ರು ಪಾಪ ಸಂತಾಪವನ್ನೂ ಸೂಚಿಸಿದರು.

ಇವನ್ನೆಲ್ಲ ನಕ್ಕು ಹೇಳಬಲ್ಲೆ. ಶಾಂತಕ್ಕನಿಗೆ ಆದದ್ದನ್ನು ಹಾಗೆ ಹೇಳಲಾರೆ. ತಾಯಿಯ ಒಡಪನ್ನೇ ತಪ್ಪು ನೆನಪಿಟ್ಟವಳು ತಾನು ಎಂಬುದು ಅವರ ಮನಸ್ಸಿನಲ್ಲಿ ನೆಟ್ಟುಹೋಯಿತು. ಒಮ್ಮೆ ಸಾರಿಗೆ ಉಪ್ಪು ಮರೆತರೆ ಅದಕ್ಕೂ ಇದಕ್ಕೂ ಗಂಟು ಹಾಕುತ್ತಿದ್ದರು. ನಿವೃತ್ತರಾದ ಮೇಲೆ ಗ್ಯಾಸ್ ಆರಿಸಿದೆ, ಬೀಗ ಹಾಕಿದೆ ಎಂದು ಚೀಟಿ ಬರೆದಿಡತೊಡಗಿದರು. ಊರೆಲ್ಲ ಕರೆದರೂ ಮದುವೆಗಳಲ್ಲಿ ಒಡಪು ಹೇಳುವುದನ್ನು ಬಿಟ್ಟರು. ವಿಜಯಪುರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರೆ, "ಹಡದವ್ವನ ಮಾತು ಮರತಾಕಿಗೆ ಏನೂ ಇಲ್ಲಂದ್ರ ಹೆಂಗ?" ಎಂದು ನನ್ನನ್ನೇ ಕೇಳಿದರು. ನಾನು ಚಹ ಕುಡಿಯುತ್ತ ಕೂತಿದ್ದೆ. ಆಗಲೂ ಹೇಳಲಿಲ್ಲ.

ಹೋದ ತಿಂಗಳು ಅವರ ಹಳೆಯ ಸಹೋದ್ಯೋಗಿಗಳೆಲ್ಲ ಸೇರಿ ವೆಬ್‌ಸೈಟಿನ ಒಡಪುಗಳನ್ನು ಪುಸ್ತಕ ಮಾಡಿಸಲು ಹೊರಟರು. ಶಾಂತಕ್ಕ ನನ್ನನ್ನು ಮನೆಗೆ ಕರೆಸಿ, "ನೀನ ಎಲ್ಲಾ ತಿದ್ದಿ ಕೊಡವ್ವಾ. ನನ್ನ ತೆಲಿ ಮ್ಯಾಲ ನನಗ ಭರವಸೆ ಉಳದಿಲ್ಲ" ಎಂದರು. ಮಟಮಟ ಮಧ್ಯಾಹ್ನ. ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನನಗೆ ಸಾಕಾಯಿತು. ಪಾಲಿನ ಬಾವಿಯಿಂದ ಹಿಡಿದು ನೀಲವ್ವನ ಸಾವಿನವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರ ಕೈ ನಿಂತಿತು. "ಹಂಗಾರ ರೊಟ್ಟಿ ನಿಂದು?"

"ನಂದ್ರಿ."

"ನಮ್ಮವ್ವಂದಲ್ಲ?"

"ಅಲ್ರಿ."

ಮೊರ ತೆಗೆದುಕೊಂಡು ಹೊಡೆಯುತ್ತಾರೆ ಎಂದೇ ಕೂತಿದ್ದೆ. ಅದನ್ನವರು ಕೆಳಗಿಟ್ಟರು. "ಹಂಗಾರ ನನ್ನ ತೆಲಿ ನೆಟ್ಟಗ ಐತಿ," ಎಂದರು. ಗೋಡೆಗೊರಗಿ ಇನ್ನೊಮ್ಮೆ ಅದನ್ನೇ ಅಂದರು, ಮೂರನೆಯ ಸಲ ನಗುತ್ತ ಅಂದರು, ನಗುತ್ತಲೇ ಅತ್ತರು. ಕಣ್ಣೊರೆಸಿಕೊಂಡ ಮೇಲೆ ಬೈಗುಳ ಶುರುವಾಯಿತು. "ಹನ್ನೊಂದು ವರ್ಷ ನನ್ನ ಹುಚ್ಚಿ ಮಾಡಿದೆಲ್ಲ, ಏ ಹಾಟ್ಯಾಕಿ! ಎದ್ದು ಹೋಗು ನನ್ನ ಮುಂದಿಂದ!" ಎದ್ದು ಹೋದೆ. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಆದರೆ ಮೈ ಎಷ್ಟು ಹಗುರಾಗಿತ್ತೆಂದರೆ, ಅಂಥ ಬೈಗುಳ ತಿಂದು ಬಂದವಳ ಹೆಜ್ಜೆ ಅದಲ್ಲ.

ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಫೋನು ಬಂತು. ನಮಸ್ಕಾರವಿಲ್ಲ, ಏನಿಲ್ಲ. "ಬರಕೋ," ಎಂದರು. "ಬದುವಿನ ಮ್ಯಾಲ ಹಳದಿ ಹೂವ ಬಿಟ್ಟೈತಿ ಗುರೆಳ್ಳು..." ಬರೆದುಕೊಂಡು ಕಾದೆ. ಎರಡನೆಯ ಸಾಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಇಬ್ಬರೂ ಲಚ್ಯಾಣಕ್ಕೆ ಹೋಗಿ ಅವರ ಚಿಗವ್ವನನ್ನು, ಅಂದರೆ ಗುರುಬಸವ್ವನ ತಂಗಿಯನ್ನು, ಕೇಳಿದೆವು. ಆಕೆಗೂ ಅಷ್ಟೇ ನೆನಪು. ಹನ್ನೊಂದು ವರ್ಷ ನನ್ನ ರೊಟ್ಟಿ ಆ ಜಾಗದಲ್ಲಿ ಕೂತು, ಇದ್ದದ್ದನ್ನು ಹೊರಗೆ ತಳ್ಳಿಬಿಟ್ಟಿದೆ. ಗಂಡನ ಹೆಸರಿದ್ದ ಸಾಲೇ ಹೋಯಿತು. ಹೆಸರು ಗೊತ್ತಿದೆಯಲ್ಲ ಎಂದು ಚಿಗವ್ವ ಅಂದರೆ, ಶಾಂತಕ್ಕ ಒಪ್ಪಲಿಲ್ಲ. "ಅಪ್ಪನ ಹೆಸರು ನಾನೂ ಅಂತೇನಿ, ರೇಷನ್ ಕಾರ್ಡಿನ್ಯಾಗೂ ಐತಿ. ಅವ್ವ ಅಂದಂಗ ಬೇಕಲ್ಲ."

ನಾನು ಕಟ್ಟಿದವನ್ನೆಲ್ಲ ಕಿತ್ತುಹಾಕೋಣ ಎಂದು ಶಾಂತಕ್ಕನಿಗೆ ಅಂದಿದ್ದೆ. "ಚಲೋ ಅದಾವು, ಒಗಿಯೂದ್ಯಾಕ? ನಿನ್ನ ಹೆಸರು ಹಾಕ್ಕೊಂಡು ಹಿಂದಗಡೆ ಕೂಡ್ರಸು" ಎಂದರು. ಹಾಗೇ ಮಾಡಿದ್ದೇನೆ, ವೆಬ್‌ಸೈಟಿನಲ್ಲೂ. ಸಿಂದಗಿಯ ಮೇಷ್ಟ್ರಿಗೆ ನಿಜ ಬರೆದು ತಪ್ಪೊಪ್ಪಿಕೊಂಡಿದ್ದೇನೆ. ಅವರ ಉತ್ತರ ಬಂದಿಲ್ಲ, ಬರಬೇಕೆಂದೂ ಇಲ್ಲ.

ಈಗಲೂ ಆ ಮೊದಲ ಸಾಲು ಓದಿದಾಗ ಪ್ರಾಸಗಳು ನನ್ನ ನಾಲಿಗೆಗೆ ಓಡಿ ಬರುತ್ತವೆ. ಮುಳ್ಳು, ಬೆರಳು, ಕೊರಳು... ಒಂದು ಗಳಿಗೆಯಲ್ಲಿ ಕಟ್ಟಿಬಿಡಬಲ್ಲೆ, ಅವರೂ ನಂಬುವಂತೆ. ಕಟ್ಟುವುದಿಲ್ಲ.

ನಿನ್ನೆ ಪ್ರೆಸ್ಸಿನಿಂದ ಪುಟ ಜೋಡಿಸುವವನು ಫೋನ್ ಮಾಡಿದ್ದ. "ಮೇಡಮ್ಮಾರ, ಗುರುಬಸವ್ವನವರ ಪುಟದಾಗ ಒಂದು ಸಾಲು ಬಿಟ್ಟೈತ್ರಿ."

"ಬಿಟ್ಟಿಲ್ಲೋ ತಮ್ಮಾ. ನಾನ ಅಳಿಸೇನಿ. ಅಲ್ಲಿ ಖಾಲಿ ಇರ್ಲಿ."

"ಎಷ್ಟು ಜಾಗ ಬಿಡ್ಲಿರಿ?" ಎಂದ.

"ಒಂದು ಹೆಸರು ಹಿಡಿಯೂವಷ್ಟು ಬಿಡು" ಎಂದೆ.